ನಮ್ಮ ಸೌಂಡಿನ ಸಾಹುಕಾರ್ರು

ಹೋದ ತಿಂಗಳು ಶಿಕಾರಿಪುರದಿಂದ ಸಾಹುಕಾರ್ರ ಮಗ ಫೋನ್ ಮಾಡಿದ. ಸಾವಿನ ಸುದ್ದಿ ಹೇಳುವವರು ಸಾಮಾನ್ಯವಾಗಿ ದನಿ ತಗ್ಗಿಸುತ್ತಾರೆ, ಅವನೂ ತಗ್ಗಿಸಿಯೇ ಹೇಳಿದ. ನಾನು ಸೊರಬದ ಗ್ಯಾರೇಜೊಂದರಲ್ಲಿ ನಿಂತಿದ್ದೆ, ಪಕ್ಕದಲ್ಲಿ ಯಾರೋ ತಗಡು ಬಡಿಯುತ್ತಿದ್ದರು. ಆದರೂ "ಅಪ್ಪ ಬೆಳಿಗ್ಗೆ ಹೋಗಿಬಿಟ್ರು" ಎನ್ನುವ ಮಾತು ನನಗೆ ಒಂದೇ ಸಲಕ್ಕೆ ಕೇಳಿಸಿತು. ಎರಡನೆಯ ಸಲ ಹೇಳಿಸಿಕೊಳ್ಳಬೇಕಾಗಲಿಲ್ಲ. ಹಾಗೆ ಕೇಳಿಸಿದ್ದು ಕೂಡ ಆ ತೀರಿಹೋದವರದೇ ಉಪಕಾರ. ತೊಂಬತ್ತರ ದಶಕದಲ್ಲಿ ಅವರು ನನ್ನ ಕೈ ಹಿಡಿದು ಎಳೆದುಕೊಂಡು ಹೋಗದೇ ಇದ್ದಿದ್ದರೆ, ಈ ಸುದ್ದಿಯನ್ನು ನನಗೆ ಯಾರಾದರೂ ಚೀಟಿಯಲ್ಲಿ ಬರೆದು ತೋರಿಸಬೇಕಾಗುತ್ತಿತ್ತು.

ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವರಿಗೆ ಗಾಡಿಗಳಿಗೆ ಟೇಪು, ಸ್ಪೀಕರು ಕೂರಿಸುವ ಅಂಗಡಿ ಇತ್ತು. ಮನೆಯವರೆಲ್ಲ ಕಾಳುಕಡಿ ವ್ಯಾಪಾರದವರು. ಅಣ್ಣಂದಿರು ಮೂಟೆಗಳ ನಡುವೆ ಕೂತರೆ ಇವರು ಮಾತ್ರ ವೈರುಗಳ ನಡುವೆ ಕೂತರು. ಹಣೆಯ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆ, ಹೆಗಲ ಮೇಲೊಂದು ಟವೆಲು. ಆ ವೇಷದಲ್ಲೇ ಗೋಣಿಚೀಲ ಹಾಸಿಕೊಂಡು ಗಾಡಿಯ ಅಡಿಗೆ ನುಸುಳುತ್ತಿದ್ದರು. ಹೊರಗೆ ಬಂದಾಗ ಅಂಗಿಯ ಬಣ್ಣ ನೋಡಿ ನಾವು ಅವರ ಮನೆಯಾಕೆಯನ್ನು ನೆನೆದು ಮರುಗುತ್ತಿದ್ದೆವು. ಡ್ರೈವರುಗಳ ಬಾಯಲ್ಲಿ ಅವರು "ಸೌಂಡಿನ ಸಾಹುಕಾರ್ರು". ಹಾಗೆ ಕರೆಸಿಕೊಳ್ಳುವುದು ಅವರಿಗೆ ಬಹಳ ಇಷ್ಟ. ಯಾರಾದರೂ ಬರೀ ಹೆಸರು ಹಿಡಿದು ಕರೆದರೆ ಅರ್ಧ ಮುಖ ಮಾತ್ರ ತಿರುಗಿಸುತ್ತಿದ್ದರು.

ಆಗ ನಮ್ಮ ಕಡೆ ಮ್ಯಾಕ್ಸಿಕ್ಯಾಬುಗಳ ಕಾಲ. ನನ್ನದೂ ಒಂದು ವ್ಯಾನು, ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ, ಸೊರಬದಿಂದ ವಾಪಸು. ಸಂತೆಯ ದಿನ ಆನವಟ್ಟಿಗೂ ಹೋಗುವುದಿತ್ತು. ಸ್ಟ್ಯಾಂಡಿನಲ್ಲಿ ಮೂರು ವ್ಯಾನು ಸಾಲಾಗಿ ನಿಂತಿದ್ದರೆ ಜನ ಟೈರು ನೋಡುತ್ತಿರಲಿಲ್ಲ, ಡ್ರೈವರನ ಮುಖ ನೋಡುತ್ತಿರಲಿಲ್ಲ, ಯಾವುದರಲ್ಲಿ ಹಾಡು ಜೋರೋ ಅದಕ್ಕೆ ಹತ್ತುತ್ತಿದ್ದರು. ಹೀಗಾಗಿ ಡ್ರೈವರುಗಳಲ್ಲಿ ಸ್ಪೀಕರಿನ ಹುಚ್ಚು ಹತ್ತಿತು. ಹಿಂದಿನ ಸೀಟಿನ ಅಡಿಗೆ ಮರದ ಪೆಟ್ಟಿಗೆ, ಅದರೊಳಗೆ ತಟ್ಟೆಯಗಲದ ಸಬ್‌ವೂಫರ್. ಅದು ಧಂ ಅಂದರೆ ಗಾಡಿ ಹತ್ತುವವರ ಎದೆ ಧಂ ಅನ್ನಬೇಕು, ಅದೇ ಪಂಥ.

ಸಾಹುಕಾರ್ರ ಅಂಗಡಿಗೆ ಕಾಲಿಟ್ಟವರೆಲ್ಲ ಕೇಳುವ ಮೊದಲ ಮಾತು, "ಇದು ಎಷ್ಟು ವ್ಯಾಟ್ಸ್ ಐತ್ರಿ?" ಅದನ್ನು ಕೇಳಿದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು.

"ಎತ್ತು ಕೊಳ್ಳಾಕೆ ಹೋದಾಗ ಅದು ಎಷ್ಟು ಹುಲ್ಲು ತಿಂತೈತೆ ಅಂತ ಕೇಳಿ ಕೊಳ್ತೀರೋ, ಎಷ್ಟು ಉಳ್ತೈತೆ ಅಂತ ಕೇಳಿ ಕೊಳ್ತೀರೋ?"

"ಉಳೋದು ನೋಡಿನೇ ಕೊಳ್ಳೋದ್ರಿ."

"ಮತ್ತೆ! ವ್ಯಾಟ್ಸ್ ಅಂದ್ರೆ ಹುಲ್ಲು ಕಣ್ರೀ. ಡಬ್ಬಿ ಮೇಲೆ ಸಾವಿರ ಅಂತ ಬರೆದಿರ್ತಾರೆ, ಬರೆಯೋಕೇನು, ಬಾಯಿಗೆ ಬಂದಷ್ಟು ಬರೀಬಹುದು. ಎಲ್ಲದಕ್ಕೂ ಒಂದೊಂದೇ ವ್ಯಾಟಿನ ಹುಲ್ಲು ಹಾಕ್ರಿ, ಒಂದು ಮಾರು ದೂರ ನಿಂತು ಕೇಳ್ರಿ. ಅಷ್ಟೇ ಮೇವಿಗೆ ಯಾವುದು ಜೋರಾಗಿ ಕೂಗ್ತೈತೋ ಅದು ಚುರುಕಿಂದು. ಅದಕ್ಕೆ ಸೆನ್ಸಿಟಿವಿಟಿ ಅಂತಾರೆ."

ಸೆನ್ಸಿಟಿವಿಟಿ ಎನ್ನುವ ಪದವನ್ನು ಅವರು ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿದ ಹಾಗೆ ನಿಧಾನವಾಗಿ ಹೇಳುತ್ತಿದ್ದರು. ಆಮೇಲೆ ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ಒಂದೇ ಹಾಡನ್ನು ಎರಡು ಸ್ಪೀಕರಿಗೆ ಬದಲಾಯಿಸಿ ಬದಲಾಯಿಸಿ ಕೇಳಿಸುವುದು. ನೂರಕ್ಕೆ ನೂರು ಜನ ಸಣ್ಣ ವ್ಯಾಟಿನ, ಮುಂದಿನ ಕಾಗದದ ಹಾಳೆ ಹಗುರವಿರುವ ಸ್ಪೀಕರನ್ನೇ ಜೋರು ಎನ್ನುತ್ತಿದ್ದರು. ಕಣ್ಣು ಬಿಟ್ಟ ಮೇಲೆ ಮಾತ್ರ ಬೆಳ್ಳಿ ಪಟ್ಟಿ ಅಂಟಿಸಿದ ಭಾರದ್ದೇ ಬೇಕು ಎಂದು ಹಟ ಹಿಡಿಯುತ್ತಿದ್ದರು. "ಹಂಗಾರೆ ಶಿವಮೊಗ್ಗಕ್ಕೆ ಹೋಗಿ ಕೊಳ್ರಿ, ಹಿತ್ತಲ ಗಿಡ ಮದ್ದಲ್ಲ" ಎಂದು ಸಾಹುಕಾರ್ರು ಗಿರಾಕಿಗಳನ್ನು ಹೊರಗೆ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ವ್ಯಾಪಾರಸ್ಥರ ಮನೆಯಲ್ಲಿ ಇಂಥದ್ದೊಂದು ಹುಟ್ಟಿತಲ್ಲ ಎಂದು ಅವರ ಅಣ್ಣಂದಿರು ಹಣೆ ಚಚ್ಚಿಕೊಳ್ಳುತ್ತಿದ್ದರಂತೆ.

ಗಾಡಿ ಬಂದು ನಿಂತರೆ ಮೊದಲು ಅದನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು ಅವರ ಪದ್ಧತಿ. ಬಾಗಿಲು, ಮೇಲಿನ ಮಾಡು, ಸೀಟಿನ ಹಿಂಬದಿ, ಹಲಸಿನ ಹಣ್ಣು ತಟ್ಟುವವರ ಹಾಗೆ ತಲೆ ಓರೆ ಮಾಡಿಕೊಂಡು ಎಲ್ಲಾ ಕಡೆ ತಟ್ಟುತ್ತಿದ್ದರು. ಒಮ್ಮೆ ನನ್ನ ವ್ಯಾನಿನಲ್ಲಿ ಏನೋ ಗರಗರ ಸದ್ದು ಬರುತ್ತದೆಂದು ಕ್ಲೀನರ್ ದೂರಿದ. ಇವರು ಸುತ್ತ ತಟ್ಟುತ್ತ ಹಿಂದೆ ಹೋಗಿ ಒಂದೇ ಒಂದು ಬೋಲ್ಟು ಬಿಗಿ ಮಾಡಿದರು. "ಇಷ್ಟು ದಿನ ನಿಮ್ಮ ಗಾಡಿಯಾಗ ಹಾಡ್ತಿದ್ದದ್ದು ವೂಫರ್ ಅಲ್ಲ, ನಂಬರ್ ಪ್ಲೇಟು" ಎಂದರು. ಇಷ್ಟು ಸೂಕ್ಷ್ಮ ಕಿವಿಯ ಮನುಷ್ಯ ತಾನು ಗುನುಗಿದರೆ ಮಾತ್ರ ಸ್ವರ ಒಂದು ದಿಕ್ಕು, ತಾಳ ಒಂದು ದಿಕ್ಕು. ಅದನ್ನು ಹೇಳುವ ಧೈರ್ಯ ಸ್ಟ್ಯಾಂಡಿನಲ್ಲಿ ಯಾರಿಗೂ ಇರಲಿಲ್ಲ.

ಎರಡು ದೊಡ್ಡ ದೋಷಗಳಿದ್ದವು ಅವರಿಗೆ. ಒಂದು, ತಾವು ಹೇಳಿದ್ದು ತಪ್ಪು ಎಂದು ಸತ್ತರೂ ಒಪ್ಪುತ್ತಿರಲಿಲ್ಲ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಇನ್ನೊಂದು, ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ನಮ್ಮ ಸ್ಟ್ಯಾಂಡಿನ ಡ್ರೈವರೊಬ್ಬ ಆನವಟ್ಟಿಗೆ ಹೆಣ್ಣು ನೋಡಲು ಹೊರಟಾಗ ಇವರೊಬ್ಬರಿಗೇ ಹೇಳಿ, ಯಾರಿಗೂ ಗೊತ್ತಾಗಬಾರದು ಎಂದು ಆಣೆ ಹಾಕಿಸಿಕೊಂಡು ಹೋದ. ಸಂಜೆ ಅವನು ವ್ಯಾನು ಇಳಿಯುವಷ್ಟರಲ್ಲಿ ಬಾಳೆಹಣ್ಣಿನ ಗಾಡಿಯವನೂ ಸೇರಿ ಎಲ್ಲರೂ, "ಉಪ್ಪಿಟ್ಟು ಹೆಂಗಿತ್ತೋ?" ಎಂದು ಕೇಳಿದರು.

ಈ ಎರಡನೆಯ ದೋಷಕ್ಕೆ ನಾನು ಹೆದರುತ್ತಿದ್ದೆ. ಯಾಕೆಂದರೆ ನನ್ನಲ್ಲೂ ಒಂದು ಗುಟ್ಟಿತ್ತು. ನನಗೆ ಕಿವಿ ಕೇಳುತ್ತಿರಲಿಲ್ಲ.

ನನ್ನ ಊರು ಚಂದ್ರಗುತ್ತಿಯ ಹತ್ತಿರ. ಚಿಕ್ಕವನಿದ್ದಾಗಿನಿಂದ ಎರಡೂ ಕಿವಿ ಸೋರುತ್ತಿದ್ದವು. ಅವ್ವ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಡುತ್ತಿದ್ದಳು, ಹತ್ತಿ ತುರುಕುತ್ತಿದ್ದಳು, ದೊಡ್ಡವನಾದರೆ ಸರಿಹೋಗುತ್ತದೆ ಎನ್ನುತ್ತಿದ್ದಳು. ದೊಡ್ಡವನಾದೆ, ಸೋರುವುದು ಕಡಿಮೆಯಾಯಿತು, ಅದರ ಜೊತೆಗೆ ಕೇಳುವುದೂ ಕಡಿಮೆಯಾಯಿತು. ಬಲಗಿವಿ ಅರ್ಧಂಬರ್ಧ. ಪ್ಯಾಸೆಂಜರುಗಳು, ಬಾಗಿಲು, ಕ್ಲೀನರ್, ಎಲ್ಲ ಇರುವ ಎಡಗಡೆಗೆ ಬಹುತೇಕ ಏನೂ ಇಲ್ಲ. ಮುಂದೆ ನಿಂತವರ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತುಕೊಂಡಿದ್ದೆ. ನನ್ನ ಹೆಂಡತಿಗೆ ಗೊತ್ತಿತ್ತು. ಅವಳು ಯಾವ ಮಾತನ್ನೂ ನನ್ನ ಎದುರಿಗೆ ಬಂದೇ ಹೇಳುತ್ತಿದ್ದಳು, ನಾನೂ ಅವಳೂ ಅದರ ವಿಷಯ ಎತ್ತುತ್ತಿರಲಿಲ್ಲ. ಎತ್ತಿದರೆ ಮುಂದೇನು ಎಂದು ಇಬ್ಬರಿಗೂ ಭಯ. ಕಿವುಡ ಡ್ರೈವರನ ವ್ಯಾನಿಗೆ ಯಾರು ಹತ್ತುತ್ತಾರೆ? ಸ್ಟೀರಿಂಗ್ ಬಿಟ್ಟರೆ ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ.

ವ್ಯಾನು ನಡೆಸಲು ಒಂದು ಉಪಾಯವಿತ್ತು. ಕ್ಲೀನರ್ ಬಾಗಿಲ ತಗಡನ್ನು ಒಂದು ಸಲ ತಟ್ಟಿದರೆ ನಿಲ್ಲಿಸಬೇಕು, ಎರಡು ಸಲ ತಟ್ಟಿದರೆ ಹೊರಡಬೇಕು, ಎಲ್ಲಾ ವ್ಯಾನಿನ ಭಾಷೆ ಅದೇ. ಆ ತಟ್ಟು ನನಗೆ ಕಿವಿಗೆ ಬೀಳದಿದ್ದರೂ ಸೀಟಿನ ಮೂಲಕ ಬೆನ್ನಿಗೆ ತಿಳಿಯುತ್ತಿತ್ತು. ನಮ್ಮ ಕ್ಲೀನರ್ ನನಗಿಂತ ಹಿರಿಯ, ಕೈ ಕಲ್ಲಿನ ಹಾಗೆ. ಅವನ ತಟ್ಟಿನ ಮೇಲೆ ಭಾರ ಹಾಕಿ ವರ್ಷಗಟ್ಟಲೆ ಓಡಿಸಿದೆ.

ಹಾಡಿನದೂ ಅದೇ ಕತೆ. ಹಾಡಿನ ಮಾತು ನನಗೆ ಕೇಳುತ್ತಿರಲಿಲ್ಲ. ಎಂಟಿಂಚಿನ ವೂಫರ್ ಹಾಕಿಸಿದಾಗ ಮೊದಲ ಸಲ ಬೆನ್ನಿನಲ್ಲಿ ಹಾಡು ಸಿಕ್ಕಿತು. ಅಬ್ಬ, ಕಿವಿ ಇಲ್ಲದವನಿಗೂ ಸಂಗೀತ ಇದೆಯಲ್ಲ ಎಂದು ಕುಣಿಯುವಷ್ಟು ಖುಷಿಯಾಯಿತು. ಆಮೇಲೆ ಹತ್ತಿಂಚಿನದು, ಆಮೇಲೆ ಹನ್ನೆರಡು. ಕಿವುಡನ ಮುಂದೆ ಕಿನ್ನರಿ ಬಾರಿಸಬಾರದು ಎನ್ನುತ್ತಾರೆ, ಇಲ್ಲಿ ಕಿವುಡನೇ ಕಿನ್ನರಿ ಕೊಂಡು ತಂದಿದ್ದ. ಪ್ರತಿ ಸಲ ಸಾಹುಕಾರ್ರು ಪೆಟ್ಟಿಗೆ ಕೂರಿಸಿ, "ಇನ್ನು ಸಾಕಲ್ರೀ ಸೊರಬದವ್ರೆ?" ಎನ್ನುತ್ತಿದ್ದರು. ನಾನು, "ಎಂತ ಸಾಕು ಮಾರಾಯ್ರೆ, ಸೀಟು ನಡುಗ್ಬೇಕು" ಎನ್ನುತ್ತಿದ್ದೆ. ಅವರು ನನ್ನನ್ನೇ ನೋಡುತ್ತ ಪೆಟ್ಟಿಗೆಯ ಸ್ಕ್ರೂ ಬಿಗಿ ಮಾಡುತ್ತಿದ್ದರು.

ಸೀಟು ನಡುಗತೊಡಗಿದ ಮೇಲೆ ಕ್ಲೀನರನ ತಟ್ಟು ಆ ನಡುಕದಲ್ಲಿ ಮುಳುಗಿಹೋಯಿತು. ಶಿರಾಳಕೊಪ್ಪದಲ್ಲಿ ಒಂದು ದಿನ ಎರಡು ತಟ್ಟು ಬಿತ್ತೆಂದುಕೊಂಡು ಗಾಡಿ ಬಿಟ್ಟೆ. ಬಿದ್ದದ್ದು ಬರೀ ಹಾಡಿನ ತಬಲ. ಬಸುರಿ ಹೆಣ್ಣುಮಗಳೊಬ್ಬಳ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ. ಕ್ಲೀನರ್ ಅವಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡ, ಏನೂ ಆಗಲಿಲ್ಲ. ಅವನು ಬೈದದ್ದು ನನಗೆ ಕನ್ನಡಿಯಲ್ಲಿ ಕಾಣಿಸಿತು. ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಮತ್ತೆ ಗಾಡಿ ಹತ್ತಿದೆ, ಹತ್ತದೆ ಏನು ಮಾಡುವುದು?

ಹೀಗಿರುವಾಗ ನಡೆದದ್ದು ಹತ್ತು ಜನರ ಕೂಗಿನ ಪಂಥ.

ಮಧ್ಯಾಹ್ನ ಗಾಡಿಗಳಿಗೆ ಪಾಳಿ ಇಲ್ಲದ ಹೊತ್ತು, ಸಾಹುಕಾರ್ರ ಅಂಗಡಿಯ ಮುಂದೆ ಡ್ರೈವರುಗಳೆಲ್ಲ ಸೇರಿದ್ದೆವು. ಒಬ್ಬ, ಈಗಿರುವ ಆಂಪ್ಲಿಫೈಯರ್ ತೆಗೆದು ಎರಡರಷ್ಟು ವ್ಯಾಟಿನದು ಹಾಕಿಸಿದರೆ ಸೌಂಡೂ ಎರಡರಷ್ಟು ಆಗುತ್ತದೆ ಎಂದ. ಸಾಹುಕಾರ್ರು ಕೈಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು.

"ಎರಡು ಪಟ್ಟು ಹುಲ್ಲು ಹಾಕಿದ್ರೆ ಸೌಂಡು ಒಂಚೂರು ಏರ್ತೈತೆ, ಅಷ್ಟೇ. ನಮ್ಮ ಕಿವಿ ಭಾಳ ಜಿಪುಣ ಕಣ್ರೀ. ಎರಡು ಪಟ್ಟು ಕೇಳ್ಬೇಕಂದ್ರೆ ಹತ್ತು ಪಟ್ಟು ಹುಲ್ಲು ಹಾಕ್ಬೇಕು."

"ಏನ್ ಸಾಹುಕಾರ್ರ, ಒಬ್ಬ ಕೂಗೋ ಕಡೆ ಇಬ್ಬರು ಕೂಗಿದ್ರೆ ಎರಡು ಪಟ್ಟು ಕೇಳಲ್ಲೇನು?"

"ಕೇಳಲ್ಲ. ಹತ್ತು ಮಂದಿ ಕೂಗ್ಬೇಕು. ಮಿರ್ಚಿ ಮಂಡಕ್ಕಿ ಪಂಥ. ಮಾಡೇಬಿಡಾಣ, ಬರ್ರಿ."

ಜನ ನೆರೆದರು. ಕೂಗಬೇಕಾದ ಮಾತು "ಸೊರಬ, ಸೊರಬ", ಅದು ನಮ್ಮವರಿಗೆ ನಿದ್ದೆಯಲ್ಲೂ ಬರುವ ಕೂಗು. ಎಷ್ಟು ಜನ ಕೂಗುತ್ತಿದ್ದಾರೆಂದು ಕಾಣದ ಹಾಗೆ ಒಬ್ಬ ದೂರದಲ್ಲಿ ಬೆನ್ನು ತಿರುಗಿಸಿ ನಿಲ್ಲಬೇಕು. ಒಬ್ಬನ ಕೂಗು ಕೇಳಿದಾಗ ಒಂದು ಕೈ, ಅದರ ಎರಡರಷ್ಟು ಕೇಳಿದಾಗ ಎರಡೂ ಕೈ ಎತ್ತಬೇಕು. ಶಿಕಾರಿಪುರದವರಾದರೆ ಪಕ್ಷಪಾತ ಮಾಡುತ್ತಾರೆ, ಸೊರಬದವನೇ ಆಗಲಿ ಎಂದು ನನ್ನನ್ನು ಹಿಡಿದರು. ಬೇಡವೆಂದೆ, ಬಿಡಲಿಲ್ಲ. ರಸ್ತೆಯ ಆ ತುದಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತೆ. ಮುಂದೆ ಸಿನಿಮಾ ಪೋಸ್ಟರ್, ಹಿಂದೆ ಏನು ನಡೆಯುತ್ತಿದೆಯೆಂದು ದೇವರೇ ಬಲ್ಲ.

ನಿಂತೆ, ನಿಂತೆ. ಏನೂ ಕೇಳಲಿಲ್ಲ. ಇನ್ನೂ ಶುರು ಮಾಡಿಲ್ಲ ಎಂದುಕೊಂಡೆ. ಬಹಳ ಹೊತ್ತಾದ ಮೇಲೆ ದೂರದಲ್ಲಿ ಜೇನು ಗುಂಯ್‌ಗುಟ್ಟಿದ ಹಾಗೆ "ಸೊರಬ" ಎಂದಿತು. ಓ, ಈಗ ಒಬ್ಬ ಕೂಗಿದ ಎಂದು ಒಂದು ಕೈ ಎತ್ತಿದೆ.

ಅದು ಹತ್ತು ಜನರ ಕೂಗಾಗಿತ್ತು. ಒಬ್ಬ ಕೂಗಿದ್ದ, ಇಬ್ಬರು ಕೂಗಿದ್ದರು, ಐವರೂ ಕೂಗಿದ್ದರು, ನಾನು ಕಂಬದ ಹಾಗೆ ನಿಂತಿದ್ದೆ. ನಾನು ಕೈ ಎತ್ತಿಕೊಂಡೇ ಇದ್ದೆ. ಯಾರೋ ಭುಜದ ಮೇಲೆ ಕೈ ಇಟ್ಟರು, ತಿರುಗಿದರೆ ಸಾಹುಕಾರ್ರು. ಅವರ ಹಿಂದೆ ದೂರದಲ್ಲಿ ಜನವೆಲ್ಲ ಬಾಯಿ ತೆರೆದು ನಿಂತಿದ್ದಾರೆ. ಮುಗಿಯಿತು, ಇನ್ನು ಐದು ನಿಮಿಷಕ್ಕೆ ಊರಿಗೆಲ್ಲ ಗೊತ್ತು ಎಂದುಕೊಂಡೆ.

ಸಾಹುಕಾರ್ರು ನನ್ನ ಮುಖ ನೋಡಿದರು. ಆಮೇಲೆ ಜನರ ಕಡೆ ತಿರುಗಿ ಟವೆಲು ಬೀಸಿದರು. ಅವರ ಬಾಯಿ ಕಾಣಿಸಲಿಲ್ಲ, ಏನು ಹೇಳಿದರೆಂದು ನನಗೆ ತಿಳಿಯಲಿಲ್ಲ. ಜನ ಹೋ ಎಂದು ಕೇಕೆ ಹಾಕಿದ್ದು, ಒಬ್ಬ ಕುಣಿದದ್ದು, ಎಲ್ಲರೂ ಮಿರ್ಚಿಯ ಅಂಗಡಿಗೆ ನುಗ್ಗಿದ್ದು ಮಾತ್ರ ಕಾಣಿಸಿತು. ಅವರು ಹೇಳಿದ ಮಾತು ನನಗೆ ಕ್ಲೀನರನಿಂದ ಗೊತ್ತಾಯಿತು. "ಇಷ್ಟು ದೂರಕ್ಕೆ ಹತ್ತು ಮಂದಿ ಕೂಗಿದ್ರೂ ಒಬ್ಬನಷ್ಟೇ ಕೇಳೋದು, ನನ್ನ ಲೆಕ್ಕನೇ ತಪ್ಪು ಕಣ್ರಪ್ಪ. ಸೋತೆ. ಮಿರ್ಚಿ ನಂದು."

ಆ ಮನುಷ್ಯ! ಅವರ ಲೆಕ್ಕ ಸರಿಯಾಗೇ ಇತ್ತು. ಅದನ್ನು ಆಮೇಲೆ ಎಷ್ಟೋ ಜನ ತಿಳಿದವರನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ, ಇಲ್ಲಿ ಬರೆಯುತ್ತಲೂ ಇದ್ದೇನೆ. ಊರಿನ ಮುಂದೆ ಒಂದು ಸಲವೂ ತಪ್ಪೊಪ್ಪದವರು ಸರಿಯಾದ ಲೆಕ್ಕವನ್ನು ತಪ್ಪೆಂದು ಒಪ್ಪಿಕೊಂಡರು.

ಮರುದಿನ ಮಧ್ಯಾಹ್ನ ವ್ಯಾನಿನ ಹತ್ತಿರ ಬಂದು, "ಒಳಗ ಬಾ ತಮ್ಮಾ" ಎಂದರು. ಅಲ್ಲಿಯವರೆಗೆ ನನಗೆ ರೀ ಹಚ್ಚಿ ಮಾತಾಡುತ್ತಿದ್ದವರು. ಅಂಗಡಿಯ ಬಾಗಿಲು ಅರ್ಧ ಎಳೆದು, ನನ್ನ ಎದುರಿಗೇ ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಮಾತಾಡಿದರು.

"ನಿನ್ನೆ ನಿನ್ನ ಬೆನ್ನ ಹಿಂದೆ ನಿಂತು ಕೈ ಇಳಿಸ್ರಿ, ಕೈ ಇಳಿಸ್ರಿ ಅಂತ ನಾಕು ಸಲ ಅಂದೆ. ಇಳಿಸ್ಲಿಲ್ಲ ನೀನು. ಎಷ್ಟು ದಿನದಿಂದ ಐತೆ ಇದು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಎಲ್ಲ ಹೇಳಿದೆ. ಶಿರಾಳಕೊಪ್ಪದ ಬಸುರಿ ಹೆಣ್ಣುಮಗಳ ವಿಷಯವನ್ನೂ ಬಿಡಲಿಲ್ಲ.

"ಹೆಂಗಾರ ಮಾಡಿ ಯಾರಿಗೂ ಹೇಳ್ಬೇಡಿ ಸಾಹುಕಾರ್ರೆ" ಎಂದೆ. ಹೇಳುವಾಗಲೇ ಆ ಉಪ್ಪಿಟ್ಟಿನ ಡ್ರೈವರ್ ನೆನಪಾದ.

ಅವರು ಎದ್ದರು. ಮೇಜಿನ ಮೇಲೆ ಒಂದು ಸ್ಪೀಕರ್ ಮಲಗಿಸಿ ಸಣ್ಣಗೆ ಹಾಡು ಹಚ್ಚಿದರು. ನನಗೆ ಏನೂ ಕೇಳಲಿಲ್ಲ. ಉದ್ದದ ಸ್ಕ್ರೂಡ್ರೈವರ್ ತೆಗೆದು, ಅದರ ತುದಿಯನ್ನು ಸ್ಪೀಕರಿನ ಬೆನ್ನಿನ ಕಬ್ಬಿಣಕ್ಕೆ ಆನಿಸಿ, ಹಿಡಿಯನ್ನು ನನ್ನ ಎಡಗಿವಿಯ ಹಿಂದಿನ ಎಲುಬಿಗೆ ಒತ್ತಿದರು. ಮೆಕ್ಯಾನಿಕ್ಕುಗಳು ಎಂಜಿನ್ನಿನ ಒಳಗಿನ ಸದ್ದು ಕೇಳುವುದು ಹಾಗೆಯೇ.

ಹೆಂಗಸೊಬ್ಬಳು ನನ್ನ ತಲೆಯೊಳಗೆ ಹಾಡತೊಡಗಿದಳು. ಧಂ ಧಂ ಅಲ್ಲ, ಮಾತು. ಹಾಡಿನ ಮಾತು. ನಡುವೆ ಅವಳು ಉಸಿರು ತೆಗೆದುಕೊಂಡದ್ದು ಕೂಡ. ನಾನು ಬೆಚ್ಚಿ ಎದ್ದುಬಿಟ್ಟೆ.

"ಕೇಳ್ತಾ?" ಎಂದವರ ಮುಖ ದೀಪ ಹಚ್ಚಿದ ಹಾಗಾಯಿತು. "ಹಂಗಾರೆ ನಿನ್ನ ಒಳಗಿನ ಕಾಯಿಲು, ಸ್ಪೀಕರಿನ ತಂತಿ ಸುರುಳಿ ಇದ್ದಂಗೆ, ಅದು ಚೆನ್ನಾಗೈತೆ. ಹಾಳೆ ಹರಿದೈತೆ, ಅಷ್ಟೇ. ಸ್ಪೀಕರಿನ ಹಾಳೆ ಹರಿದ್ರೆ ಎಷ್ಟು ವ್ಯಾಟ್ಸ್ ಹಾಕಿದ್ರೆ ಏನು ಬಂತು? ನೀನು ಇಷ್ಟು ದಿನ ಬೆನ್ನಿಂದ ಕೇಳಿದ್ದಿ. ಹಾಳೆ ಆದ್ರೆ ಹಚ್ಚಬಹುದು. ನಮ್ಮಪ್ಪಂದು ಕಾಯಿಲೇ ಸುಟ್ಟಿತ್ತು ತಮ್ಮಾ, ಎಲ್ಲಿ ತೋರಿಸಿದ್ರೂ ಆಗಲಿಲ್ಲ. ಕೊನಿಗೆ ನಾನು ಹಿಂದೆ ನಿಂತು ಅಪ್ಪಾ ಅಂತ ಎಷ್ಟು ಕೂಗಿದ್ರೂ ಕೇಳದಂಗೇ ತೀರಿಹೋದ." ಸ್ಕ್ರೂಡ್ರೈವರನ್ನು ಟವೆಲಿಗೆ ಒರೆಸಿ, "ನಾನೇನು ಡಾಕ್ಟರಲ್ಲ, ತಪ್ಪಿದ್ರೂ ತಪ್ಪಿರಬಹುದು. ನಾಳೆ ದಾವಣಗೆರೆಗೆ ಹೋಗಾಣ" ಎಂದರು.

ದಾವಣಗೆರೆಗೆ ಯಾಕೆ ಹೊರಟಿದ್ದೇವೆಂದು ಸ್ಟ್ಯಾಂಡಿಗೆಲ್ಲ ತಾವೇ ಸಾರಿದರು. ಸೊರಬದವರಿಗೆ ಹದಿನೈದಿಂಚಿನ ವೂಫರ್ ಬೇಕಂತೆ, ಇಲ್ಲೆಲ್ಲೂ ಸಿಗುವುದಿಲ್ಲವಂತೆ, ಹುಚ್ಚು ನೋಡ್ರಿ ಎಂದು ಕಂಡವರಿಗೆಲ್ಲ ಹೇಳಿದರು. ಮಾತು ನಿಲ್ಲದ ಹೊಟ್ಟೆ ಎಂದು ಎಲ್ಲರಿಗೂ ಗೊತ್ತಿದ್ದದ್ದರಿಂದ ಇನ್ನೊಂದು ವಿಷಯ ಇರಬಹುದೆಂದು ಒಬ್ಬರಿಗೂ ಸಂಶಯ ಬರಲಿಲ್ಲ. ಬಸ್ಸಿನಲ್ಲಿ ನನ್ನ ಬಲಗಡೆ ಕೂತು ದಾರಿಯುದ್ದಕ್ಕೂ ಬಲಗಿವಿಗೆ ಬಾಯಿ ಹಚ್ಚಿ ಮಾತಾಡಿದರು. ಅಂಬ್ಲಿಗೊಳ ಡ್ಯಾಮಿನ ನೀರು ಬಂದ ಮೇಲೆ ಯಾವ ಯಾವ ಊರಿನವರು ಭತ್ತ ಹಾಕಿ ಟೇಪು ಕೊಂಡರು ಎನ್ನುವ ಪುರಾಣ. ನನಗೆ ಅರ್ಧ ಕೇಳಿತು, ಆದರೆ ಹೆದರಿಕೆ ಪೂರ್ತಿ ಹೋಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಕಬ್ಬಿಣದ ಚಿಮಟದಂಥದ್ದನ್ನು ಮೀಟಿ ನನ್ನ ಕಿವಿಯ ಹಿಂದೆ ಹಿಡಿದರು. ಸಾಹುಕಾರ್ರು ತಡೆಯಲಾರದೆ, "ಅದೇ ಸರ್, ನಾನೂ ಸ್ಕ್ರೂಡ್ರೈವರ್‌ನಾಗ ನೋಡ್ದೆ" ಎಂದರು.

"ನೀವು ಇವರಿಗೆ ಏನಾಗಬೇಕು?"

"ನಾನು ಇವರ ಸೌಂಡಿನವ್ನು ಸರ್."

ಡಾಕ್ಟರು ನಕ್ಕು, ಸೌಂಡಿನವರು ಸ್ವಲ್ಪ ಸೌಂಡು ಕಡಿಮೆ ಮಾಡಿ ಕೂತರೆ ಒಳ್ಳೆಯದು ಎಂದರು. ಕಿವಿಯ ಪರದೆ ಹರಿದಿದೆ, ಕಿವಿಯ ಮೇಲ್ಗಡೆಯಿಂದ ತೆಳುವಾದ ಪೊರೆ ತೆಗೆದು ಮುಚ್ಚಬಹುದು, ಎಡಗಡೆಯದನ್ನು ಮೊದಲು ಮಾಡೋಣ, ಹಿಡಿದರೆ ಕೇಳುತ್ತದೆ, ಹಿಡಿಯದೆಯೂ ಹೋಗಬಹುದು ಎಂದು ಬಿಡಿಸಿ ಹೇಳಿದರು. ಹೊರಗೆ ಬಂದ ಮೇಲೆ ಸಾಹುಕಾರ್ರು ನನ್ನ ಬೆನ್ನು ಸವರಿ, "ಎಷ್ಟೋ ಹರಿದ ಹಾಳೆ ಹಚ್ಚೀನಿ ನಾನು. ಹಚ್ಚಿದ ಮೇಲೆ ಒಣಗೋ ತನಕ ಮುಟ್ಟಬಾರದು. ಅಷ್ಟೇ ಕೆಲಸ ನಿಂದು" ಎಂದು ಧೈರ್ಯ ಹೇಳಿದರು.

ಆಪರೇಶನ್ ಆಯಿತು. ಕಿವಿಗೆ ನೀರು ಸೋಕಿಸಬಾರದು, ಜೋರಾಗಿ ಸೀನಬಾರದು, ಗಾಡಿ ಓಡಿಸಬಾರದು. ನಾನು ಊರಲ್ಲಿ ತಲೆಗೆ ಮಫ್ಲರ್ ಸುತ್ತಿಕೊಂಡು ಕೂತೆ. ವ್ಯಾನನ್ನು ನನ್ನ ಭಾವಮೈದುನ ಓಡಿಸಿದ. ನನಗೆ ಕಾಮಾಲೆ ಎಂದು ಸಾಹುಕಾರ್ರು ಸುದ್ದಿ ಹಬ್ಬಿಸಿದರು. ಅದನ್ನು ಎಷ್ಟು ಚೆನ್ನಾಗಿ ಹಬ್ಬಿಸಿದರೆಂದರೆ ಶಿರಾಳಕೊಪ್ಪದ ಪ್ಯಾಸೆಂಜರೊಬ್ಬರು ನನ್ನ ಮನೆಗೆ ನೆಲನೆಲ್ಲಿ ಸೊಪ್ಪು ಕಳಿಸಿಕೊಟ್ಟರು.

ಅತ್ತ ಸ್ಟ್ಯಾಂಡಿನಲ್ಲಿ ಅವರ ಗತಿ ಬೇರೆಯೇ ಆಗಿತ್ತು. ವ್ಯಾಟಿನ ಮಾತು ಎತ್ತಿದರೆ ಸಾಕು, "ಸಾಹುಕಾರ್ರ, ಹತ್ತು ಮಂದಿ ಕೂಗಿಸ್ಲೇನ್ರಿ?" ಎಂದು ಯಾರಾದರೂ ಚುಚ್ಚುತ್ತಿದ್ದರು. ಎತ್ತು, ಹುಲ್ಲು ಎಂದರೆ ನಗುತ್ತಿದ್ದರು. ಸಿಟ್ಟಿನ ಮನುಷ್ಯ, ಟವೆಲು ಕೊಡವಿ ಒಳಗೆ ಹೋಗಿಬಿಡುತ್ತಿದ್ದರಂತೆ. ಇದನ್ನು ನನಗೆ ಭಾವಮೈದುನ ಹೇಳಿದ. ಮುಂದಿನ ಸಲ ಸಿಕ್ಕಾಗ, "ನಾನೇ ಎಲ್ಲರ ಎದುರು ಹೇಳಿಬಿಡ್ತೆ ಸಾಹುಕಾರ್ರೆ, ಎಂತ ಆದ್ರೂ ಆಗ್ಲಿ" ಎಂದೆ.

"ಬ್ಯಾಡ. ನನ್ನ ಲೆಕ್ಕ ಪುಸ್ತಕದಾಗೈತೆ, ಎಲ್ಲಿಗೂ ಓಡಿಹೋಗಲ್ಲ. ನಿನ್ನ ಪ್ಯಾಸೆಂಜರ್ ಓಡಿಹೋದ್ರೆ ತಿರುಗಿ ಬರಲ್ಲ" ಎಂದರು. ಅವರಿರುವ ತನಕ ಹೇಳಲು ಬಿಡಲಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಪೊರೆ ಹಿಡಿಯಿತು ಎಂದು ಡಾಕ್ಟರು ಹೇಳಿದ ದಿನ ನನಗೆ ಕೇಳಿದ್ದೆಲ್ಲ ಬರೆದರೆ ಅದೇ ಒಂದು ಪುರಾಣವಾಗುತ್ತದೆ. ಹೆಂಡತಿಯ ಬಳೆ, ಒಗ್ಗರಣೆ, ನನ್ನದೇ ಚಪ್ಪಲಿ. ಮತ್ತೆ ವ್ಯಾನು ಹತ್ತಿದಾಗ ಸೌಂಡಿನ ಗುಂಡಿಯನ್ನು ಹಳೆಯ ಗುರುತಿನಲ್ಲೇ ಬಿಟ್ಟು ಟೇಪು ಹಚ್ಚಿ, ಆ ಸದ್ದಿಗೆ ಹೌಹಾರಿ ಇಳಿದುಬಿಟ್ಟೆ. ಇದರಲ್ಲಿ ಜನ ಹೇಗೆ ಕೂತಿದ್ದರಪ್ಪ! ಹನ್ನೆರಡಿಂಚಿನದನ್ನು ಸಾಹುಕಾರ್ರೇ ಕಳಚಿ, ಸಣ್ಣದೊಂದು ಚುರುಕಿನ ಸ್ಪೀಕರ್ ಕೂರಿಸಿಕೊಟ್ಟರು. ಹಾಡು ಹಾಡಿನ ಹಾಗೆ ಕೇಳಿತು, ಕ್ಲೀನರನ ತಟ್ಟು ತಟ್ಟಿನ ಹಾಗೆ ಕೇಳಿತು.

ಅದೇ ವಾರ ಸೊರಬದ ಸ್ಟ್ಯಾಂಡಿನಲ್ಲಿ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದೆ. ಕ್ಲೀನರ್ ಮಾಡಿನ ಮೇಲೆ ಮೂಟೆ ಕಟ್ಟುತ್ತಿದ್ದ, ಹಿಂದೆ ನೋಡುವವರು ಯಾರೂ ಇರಲಿಲ್ಲ. ಕನ್ನಡಿಯಲ್ಲಿ ದಾರಿ ಖಾಲಿ. ಆಗ ಎಡಗಡೆಯಿಂದ ದಾರದಷ್ಟು ಸಣ್ಣ ದನಿಯೊಂದು ಬಂತು. "ತಡಿಯಾ, ನಾನಿದ್ದೆ ಇಲ್ಲಿ."

ಬ್ರೇಕ್ ಒತ್ತಿ ಇಳಿದು ಓಡಿದೆ. ಮುದುಕಿಯೊಬ್ಬಳು ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಚೀಲದಿಂದ ಚೆಲ್ಲಿದ ಶೇಂಗಾ ಆರಿಸುತ್ತಿದ್ದಳು. ಚಕ್ರಕ್ಕೂ ಅವಳ ಕೈಗೂ ಒಂದು ಗೇಣು. ಅವಳು ತಲೆ ಎತ್ತಿ ಬೈಯತೊಡಗಿದಳು. "ಕಣ್ಣು ಕಾಣಲ್ವೇನಾ ನಿಂಗೆ? ಕಿವಿ ಕೇಳಲ್ವೇನಾ?"

"ಕೇಳ್ತದೆ ಅಜ್ಜಿ, ಕೇಳ್ತದೆ" ಎಂದು ಅವಳ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಶೇಂಗಾ ಆರಿಸಿ ಅವಳ ಚೀಲಕ್ಕೆ ತುಂಬಿದೆ. ಇವನಿಗೆ ಏನೋ ಆಗಿದೆ ಎಂದುಕೊಂಡು ಅವಳು ಬೈಯುವುದನ್ನು ನಿಲ್ಲಿಸಿದಳು.

ಮಧ್ಯಾಹ್ನದ ಟ್ರಿಪ್ಪಿಗೆ ಶಿಕಾರಿಪುರ ಮುಟ್ಟಿದವನೇ ವ್ಯಾನನ್ನು ನೇರವಾಗಿ ಅಂಗಡಿಯ ಮುಂದೆ ನಿಲ್ಲಿಸಿ, ನಡೆದದ್ದನ್ನೆಲ್ಲ ಸಾಹುಕಾರ್ರಿಗೆ ಹೇಳಿದೆ. ಅವರು ಅಂಗಡಿಯಲ್ಲಿ ಕೂಗುತ್ತಿದ್ದ ಹಾಡು ನಿಲ್ಲಿಸಿದರು.

"ಯಾವ ಕಿವೀಲಿ ಕೇಳ್ತು?"

"ಎಡಗಿವಿ. ನೀವು ಮಾಡಿಸಿದ್ದು."

"ಗಾಡಿ ಹತ್ತು. ಸೀಟಿನ ಮೇಲೆ ಕೂಡು. ಹಿಂದೆ ನೋಡಬ್ಯಾಡ" ಎಂದರು.

ನಾನು ಹತ್ತಿ ಕೂತು ಎಂಜಿನ್ ಆರಿಸಿದೆ. ಅವರು ವ್ಯಾನಿನ ಹಿಂದಕ್ಕೆ ಹೋದರು. "ತಮ್ಮಾ" ಎಂದರು, ಮಾಮೂಲಿ ದನಿಯಲ್ಲಿ.

"ಕೇಳ್ತು ಸಾಹುಕಾರ್ರೆ."

"ತಮ್ಮಾ." ಈ ಸಲ ಇನ್ನೂ ಸಣ್ಣಗೆ.

"ಕೇಳ್ತು."

"ತಮ್ಮಾ." ದೇವರ ಮನೆಯಲ್ಲಿ ಪಿಸುಗುಟ್ಟುವಷ್ಟು ಸಣ್ಣಗೆ.

"ಅದೂ ಕೇಳ್ತು."

ಆಮೇಲೆ ಏನೂ ಬರಲಿಲ್ಲ. ಕಾದೆ. ಇನ್ನೂ ಕಾದೆ. ಅವರು ಕರೆಯುತ್ತಲೇ ಇದ್ದು ನನಗೇ ಕೇಳುತ್ತಿಲ್ಲವೇನೋ, ಹಚ್ಚಿದ ಪೊರೆ ಮತ್ತೆ ಬಿಟ್ಟಿತೇನೋ ಎಂದು ಹೆದರಿ ಬಾಗಿಲು ತೆಗೆದು ಹಿಂದಕ್ಕೆ ಓಡಿದೆ. ಸಾಹುಕಾರ್ರು ವ್ಯಾನಿನ ತಗಡಿಗೆ ಹಣೆ ಆನಿಸಿಕೊಂಡು, ಬಾಯಿಗೆ ಟವೆಲು ಒತ್ತಿಕೊಂಡು, ಸದ್ದಿಲ್ಲದೆ ಅಳುತ್ತಿದ್ದರು.